ಯಾವ ಪಾಲೀಶು?

ದಾವಣಗೆರೆ ಬಂಬೂಬಜಾರಿನ ಒಳಗಲ್ಲಿ,
ಒರಗಿಸಿಟ್ಟ ಬಿದಿರೇಣಿಗಳ ಬೆನ್ನಿಗೆ ನನ್ನ ಲೇತು.
ಮಿಲ್ಲು ಮುಚ್ಚಿದ ವರ್ಷ ಗುಜರಿಯವರ ನಡುವೆ ನಿಂತು
ಕೇಜಿ ಲೆಕ್ಕದಲ್ಲಿ ತೂಗಿಸಿ ತಂದದ್ದು ಅಬ್ಬಾ.
ಚಕ್ರದ ಹಲ್ಲಿನ ಸಂದಿಯಲ್ಲಿ ಇನ್ನೂ
ಒಂದೆರಡು ಎಳೆ ಹತ್ತಿ ಸಿಕ್ಕಿಕೊಂಡಿದೆ.
ತೆಗೆದಿಲ್ಲ ನಾನು.

ಆಗ ಬಾಬಿನ್ನು. ಆಮೇಲೆ ಮಂಚದ ಕಾಲು,
ತೊಟ್ಟಿಲ ಗುಬುಟು, ಲಟ್ಟಣಿಗೆ.
ಈಗ ಪೆನ್ನು.
ಕಣ್ಣು ಮಂದವಾದಷ್ಟೂ
ಕೆಲಸ ಸಣ್ಣದಾಗುತ್ತ ಬಂತು.

ಹಾಲೇಶಪ್ಪ ತಂದುಕೊಟ್ಟದ್ದು ಜಾಲಿ.
ಅವರಪ್ಪನ ನೇಗಿಲ ಮೇಳಿ, ಗೇಣುದ್ದ ಉಳಿದದ್ದು.
ಹಿಡಿಯುವಲ್ಲಿ ಹುಣಸೆಬೀಜದ ಹೊಳಪು.
ತೂತು ಕೊರೆದೆ, ಹುರಿಗಡಲೆ ಸೀದ ವಾಸನೆ.
ಹಿತ್ತಾಳೆ ಕೊಳವೆ ತೂರಿಸಿ
ಎರಡು ಮೊನೆಗಳ ನಡುವೆ ಕೂರಿಸಿ
ಉಳಿ ತಾಗಿಸಿದರೆ
ಕಟಕಟ ಕಟಕಟ, ಬೈಗುಳ.
ಮೊದಲು ಹಾರಿದ್ದು ಆ ಹೊಳಪಿನ ತೊಗಲು.
ಮೂಲೆಗಳೆಲ್ಲ ಹೋದ ಮೇಲೆ ಮರ
ಜಗಳ ಬಿಟ್ಟು
ಮಣಿಕಟ್ಟಿನ ಮೇಲೆ ಬೆಚ್ಚನೆ ಸಿಪ್ಪೆ ಸುರಿಸುತ್ತದೆ.

ಇಲ್ಲಿವರೆಗೆ ಕೈ ಬಲ್ಲದು.
ಪೇಚಾಟವೆಲ್ಲ ಇಲ್ಲಿಂದ ಮುಂದೆ.

ತಾಲ್ಲೂಕಾಫೀಸಿನ ಬೇವಿನ ಕೆಳಗೆ
ಅರ್ಜಿ ಬರೆಯುವ ಮನುಷ್ಯ,
ಮಾಗಿಯಲ್ಲೂ ಅಂಗೈ ಬೆವರುವವನು.

ಮೊದಲು ಅರಗು ಕೊಟ್ಟೆ.
ತಿರುಗುವ ಮೈಗೆ ಒತ್ತಿದರೆ ತಾನೇ ಕರಗಿ
ಕ್ಷಣದಲ್ಲಿ ಕನ್ನಡಿ. ಮೀಸೆ ತಿದ್ದಿಕೊಂಡು ಹೋದ.
ಎಂಟು ದಿನಕ್ಕೆ ವಾಪಸ್ಸು:
"ನೋಡು ಪೀರಣ್ಣ, ಬೆಳ್ಳಗೆ ತೊನ್ನು ಹತ್ತೈತೆ."

ಉಜ್ಜಿ ತೆಗೆದು ಫೆವಿಕ್ವಿಕ್ ಹಚ್ಚಿದೆ.
ಹತ್ತು ಪದರ. ಪ್ರತಿ ಪದರಕ್ಕೂ
ಈರುಳ್ಳಿ ಹೆಚ್ಚಿದಷ್ಟು ಕಣ್ಣೀರು.
ನೀರು ತಾಗದು, ಬೆವರು ತಾಗದು,
ಮಂಡಕ್ಕಿ ತಿಂದ ಕೈಯ ಎಣ್ಣೆಯೂ ತಾಗದು.
ಅವನು ಬೆರಳಲ್ಲಿ ಹೊರಳಿಸಿ ಹೊರಳಿಸಿ ಅಂದ:
"ಗಾಜಿನ ಡಬ್ಬಿಯೊಳಗಿನ ಮಿರ್ಚಿ ಆಯ್ತಲ್ಲೋ.
ಮರ ಐತೆ ಒಳಗೆ, ನನಗೆ ಸಿಗವಲ್ದು."

ಮತ್ತೆ ಉಜ್ಜಿದೆ.
ಒಂದೊಂದು ಸಲಕ್ಕೂ ಒಂದು ಕೂದಲಷ್ಟು
ಪೆನ್ನು ತೆಳ್ಳಗಾಗುತ್ತಿತ್ತು.
ಅದು ಅವನಿಗೆ ಹೇಳಲಿಲ್ಲ.

ಅಗಸೆ ಎಣ್ಣೆ ಬೇರೆ ಜಾತಿ.
ಹಚ್ಚು, ಒರೆಸು, ಮೂರು ದಿನ ಸುಮ್ಮನಿರು,
ಮತ್ತೆ ಹಚ್ಚು. ಎಣ್ಣೆಬಟ್ಟೆಯನ್ನು
ಮುದ್ದೆ ಮಾಡಿ ಮೂಲೆಗೆಸೆದರೆ
ಯಾರೂ ಕಡ್ಡಿ ಗೀರದೆ ಹೊತ್ತಿಕೊಳ್ಳುತ್ತದೆ, ಹುಷಾರು;
ಏಣಿಯ ಮೇಲೆ ಹರವಿ ಒಣಗಿಸುತ್ತೇನೆ.
"ತಿಂಗಳು ಬೇಕು" ಅಂದೆ.
"ಅರ್ಜಿಗೆ ತಾರೀಖು ಇರ್ತಾವಪ್ಪಾ" ಅಂದವನೇ
ಬರಿಮೈಯ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು
ಮಂಗಳವಾರ ಹೋದ.

ಅರ್ಧ ಕೆಲಸದ ನಾಚಿಕೆ ನನಗೆ.
ತಾಲ್ಲೂಕಾಫೀಸಿನ ದಾರಿ ಬಿಟ್ಟು
ಹೊಂಡದ ಸರ್ಕಲ್ ಸುತ್ತಿ ಓಡಾಡಿದೆ.

ಹದಿನಾಲ್ಕು ತಿಂಗಳಿಗೆ ಬಂದ, ರೀಫಿಲ್ಲು ಸಿಕ್ಕಿಕೊಂಡಿದೆ ಅಂತ.
ಬೆಳಕಿಗೆ ಹಿಡಿದೆ.
ಹೆಬ್ಬೆರಳು, ತೋರುಬೆರಳು, ನಡುಬೆರಳು ಕೂತಲ್ಲಿ
ಮೂರು ಕಪ್ಪು ಮಡು.
ಮೂತಿಯ ಹತ್ತಿರ ನರನರಕ್ಕೂ ನೀಲಿ.
ಪಹಣಿಯ ತಿದ್ದುಪಡಿ, ವಿಧವಾ ವೇತನ,
ರೇಷನ್ ಕಾರ್ಡಿನಲ್ಲಿ ಗಂಡಸಾಗಿ ಹೋದ ಕೆಂಚಮ್ಮ,
ಸತ್ತವನಿಗೆ ಸತ್ತನೆಂಬ ದಾಖಲೆ,
ಎಲ್ಲ ಅಲ್ಲೇ ಒತ್ತಿಕೊಂಡು ಹೋಗಿವೆ.
ಹುಣಸೆಬೀಜ, ಅನ್ನಿಸಿತು. ಅದೇ.

"ಕೊಳೆ ಆಗೈತೆ. ಈ ಸಲ ಪಾಲೀಶು ಹಾಕಿಬಿಡು."

ಉಜ್ಜುಕಾಗದ ಕೈಗೆತ್ತಿಕೊಂಡೆ, ಹೌದು.
ಎಲ್ಲಿಂದ ಶುರು ಮಾಡುವುದು ತಿಳಿಯಲಿಲ್ಲ.
ರೀಫಿಲ್ಲು ಬದಲಿಸಿ
ಹತ್ತು ರೂಪಾಯಿ ಇಸಿದುಕೊಂಡೆ.

"ಪಾಲೀಶು?"
"ಆಗ್ತಾ ಐತೆ" ಅಂದೆ.

ನಂಬಲಿಲ್ಲ.
ಅಂಗೈ ಪ್ಯಾಂಟಿಗೆ ಒರೆಸಿಕೊಂಡು
ಏಣಿಗಳ ಕೆಳಗೆ ತಲೆ ಬಗ್ಗಿಸಿ ಹೋದ.